ಮಡಿಕೇರಿಯಲ್ಲಿ ಹತ್ತುವುದು ನಡೆದು, ಇಳಿಯುವುದು ಆಟೋದಲ್ಲಿ: ನನ್ನ ಅನುಭವ

ವಯಸ್ಸಾದವರನ್ನು ನಡೆಸಿಕೊಂಡು ಹೋಗಿ ಮಡಿಕೇರಿ ಪೇಟೆ ತೋರಿಸುತ್ತೇನೆ ಎಂದಾಗ ನಮ್ಮ ಹೋಂಸ್ಟೇ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಅಲ್ಲ ಮಾರಾಯ್ರೇ, ಈ ಊರಲ್ಲಿ ಮಟ್ಟಸವಾದ ರಸ್ತೆ ಎಲ್ಲಿದೆ? ಬಂದವರಿಗೆ ಅಬ್ಬಿ ಫಾಲ್ಸ್ ಬೇಕು, ಮಾಂದಲಪಟ್ಟಿ ಜೀಪು ಬೇಕು. ಪೇಟೆಯೊಳಗೆ ನಡೆಯೋದಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದರು. ಕೆಲವು ಸೀಸನ್ ಕಳೆದ ಮೇಲೆ ಈಗ ಅವರೇ ತಮ್ಮ ಅತಿಥಿಗಳ ಅಪ್ಪ ಅಮ್ಮಂದಿರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಹೇಗೆ ಮಾಡಿದೆ ಎಂದು ಕೇಳುವವರೂ ಹೆಚ್ಚಾಗಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಊರಿನ ಏರುತಗ್ಗು ನಿಮಗೆ ಗೊತ್ತು. ಓಂಕಾರೇಶ್ವರ ದೇವಸ್ಥಾನ ತಗ್ಗಿನಲ್ಲಿ, ಕೋಟೆ ಅದಕ್ಕಿಂತ ಮೇಲೆ, ಸೂರ್ಯಾಸ್ತ ನೋಡುವ ರಾಜಾಸೀಟು ಉದ್ಯಾನ ಪಶ್ಚಿಮದ ಏಣಿನ ಮೇಲೆ, ಕೊಡಗಿನ ರಾಜರ ಸಮಾಧಿಗಳಿರುವ ಗದ್ದಿಗೆ ಮಹದೇವಪೇಟೆಯಾಚೆಯ ದಿಬ್ಬದಲ್ಲಿ. ಹಾಗಾಗಿ ಯಾರೇ ಯೋಚಿಸಿದರೂ ಮೊದಲು ಹೊಳೆಯುವುದು ಒಂದೇ: ಮೇಲಕ್ಕೆ ಆಟೋದಲ್ಲಿ ಹೋಗಿ ಕೆಳಕ್ಕೆ ನಡೆದು ಬರುವುದು. ನಾನೂ ಅದನ್ನೇ ಮೊದಲು ನಡೆಸಿ ನೋಡಿದೆ. ರಾಜಾಸೀಟಿನಿಂದ ಕೋಟೆ, ಕೋಟೆಯಿಂದ ಓಂಕಾರೇಶ್ವರ. ಯಾರಿಗೂ ಉಸಿರು ಕಟ್ಟಲಿಲ್ಲ, ಎಲ್ಲರೂ ಖುಷಿಯಾಗಿ ಹೊರಟರು. ಮರುದಿನ ಬೆಳಿಗ್ಗೆ ಫೋನುಗಳು ಶುರುವಾದವು. ಮಂಡಿ ಮಡಚಲು ಆಗುತ್ತಿಲ್ಲ, ತಲಕಾವೇರಿಗೆ ಹೋಗುವುದನ್ನು ಬಿಟ್ಟೆವು, ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗಿದೆ ಎಂದೆಲ್ಲ. ಆ ಸೀಸನ್ನಿನಲ್ಲಿ ಹಲವರಿಗೆ ಹಣ ವಾಪಸ್ ಕೊಟ್ಟೆ. ಒಟ್ಟು ಏಳೆಂಟು ಸಾವಿರ ಹೋಗಿರಬೇಕು.

ಇಳಿಯುವಾಗ ಉಸಿರಿಗೆ ಸುಖ, ಕಾಲಿಗೆ ಕಷ್ಟ. ಮುಂಗಾಲು ಊರಿದಾಗಲೆಲ್ಲ ತೊಡೆಯ ಸ್ನಾಯು ಎಳೆಸಿಕೊಳ್ಳುತ್ತಲೇ ಮೈಭಾರಕ್ಕೆ ತಡೆ ಒಡ್ಡಬೇಕು. ಆ ಒತ್ತಡವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ಮೇಲಾಗಿ ನಮ್ಮ ಊರಿನ ಪಾಚಿಯಲ್ಲಿ ಜಾರುವುದು ಹೆಚ್ಚಾಗಿ ಇಳಿಯುವಾಗಲೇ. ಏರುವಾಗ ಆಗುವುದು ಏದುಸಿರು, ಅದನ್ನು ನಿಂತು ಸರಿಮಾಡಿಕೊಳ್ಳಬಹುದು. ಮಂಡಿನೋವಿಗೆ ನಿಂತು ಪರಿಹಾರವಿಲ್ಲ. ಇಷ್ಟು ಗೊತ್ತಾದ ಮೇಲೆ ಇಡೀ ದಾರಿಯನ್ನು ತಿರುಗಿಸಿಬಿಟ್ಟೆ: ಓಂಕಾರೇಶ್ವರದಿಂದ ಶುರು, ನಿಧಾನಕ್ಕೆ ಹತ್ತುತ್ತಾ ಕೋಟೆ, ಸಂಜೆಗೆ ರಾಜಾಸೀಟು, ಸೂರ್ಯಾಸ್ತ ನೋಡಿ ಆಟೋದಲ್ಲಿ ಕೆಳಕ್ಕೆ. "ಮುದುಕರನ್ನು ಗುಡ್ಡ ಹತ್ತಿಸ್ತೀರಾ?" ಎಂದು ಬೈದವರಿದ್ದಾರೆ. ನಾನು ಬಿಡಲಿಲ್ಲ.

ಆದರೆ ಯಾವ ಏರಾದರೂ ಆಗುತ್ತದೆ ಎಂದಲ್ಲ, ಇಳಿಜಾರನ್ನು ಅಳೆಯಲೇಬೇಕು. ಮೊದಲು ಮೊಬೈಲ್ ಆ್ಯಪ್ ನಂಬಿದೆ. ಒಂದೇ ಜಾಗದಲ್ಲಿ ನಿಂತರೂ ಅದು ತೋರಿಸುವ ಎತ್ತರ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುತ್ತಿತ್ತು. ಗಾಳಿಯ ಒತ್ತಡ ಅಳೆಯುವ ವಾಚು ತಂದೆ. ಮೋಡ ಕವಿದು ಒತ್ತಡ ಬದಲಾದರೆ ಅದೂ ಕೆಟ್ಟ ಲೆಕ್ಕ ಕೊಡುತ್ತದೆ. ಆರೇಳು ಸಾವಿರದ ವಾಚು ಈಗ ಮಗನ ಕೈಯಲ್ಲಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಗಾರೆಯವರ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಕೊಳವೆ, ಇನ್ನೂರು ರೂಪಾಯಿಯೂ ಇಲ್ಲ. ಹತ್ತು ಅಡಿ ಅಂತರದಲ್ಲಿ ಎರಡು ಕೋಲು ನಿಲ್ಲಿಸಿ ನೀರಿನ ಮಟ್ಟ ಗುರುತಿಸಿದರೆ ಎಷ್ಟು ಇಂಚು ಏರಿದೆ ಎಂದು ಸಿಕ್ಕಿಬಿಡುತ್ತದೆ. ಹತ್ತು ಅಡಿಗೆ ಹತ್ತು ಇಂಚು ಎಂದರೆ 1:12, ಗಾಲಿಕುರ್ಚಿಯ ರ‍್ಯಾಂಪಿಗೆ ಹೇಳುವ ಗರಿಷ್ಠ ಇಳಿಜಾರು. ನನ್ನ ಮಿತಿ ಆರು ಇಂಚು, ಅಂದರೆ 1:20. ಎಂಟು ಇಂಚಿನವರೆಗೆ ಚಿಕ್ಕ ತುಂಡಾಗಿದ್ದರೆ ಒಪ್ಪುತ್ತೇನೆ, ಮುಗಿದ ಕೂಡಲೇ ಕೂರಲು ಜಾಗವಿದ್ದರೆ ಮಾತ್ರ. ಇಡೀ ದಾರಿಗೆ ಪೈಪು ಹಿಡಿಯುವುದು ಬೇಡ, ಕಣ್ಣಿಗೆ ಅನುಮಾನ ಬಂದಲ್ಲಿ ಸಾಕು. ನಾನೂ ಮಗನೂ ಬೆಳಿಗ್ಗೆ ಆರಕ್ಕೆ ಪೈಪು ಹಿಡಿದು ನಿಂತರೆ ಹಾಲಿನವರು "ಪೈಪ್‌ಲೈನ್ ಬರುತ್ತಾ?" ಎಂದು ಕೇಳುತ್ತಿದ್ದರು.

ಅಳೆಯುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಗಾಡಿಗಳ ಕಾಲದಲ್ಲಿ ಆದ ಹಳೇ ರಸ್ತೆಗಳು ಗುಡ್ಡವನ್ನು ಬಳಸಿಕೊಂಡು ಹೋಗುತ್ತವೆ, ಏಕೆಂದರೆ ಎತ್ತು ಎಳೆಯಬೇಕಿತ್ತು. ಇತ್ತೀಚಿನ ಬಡಾವಣೆಗಳ ಕಾಂಕ್ರೀಟ್ ಓಣಿಗಳು ಜೀಪು ಹತ್ತಿದರೆ ಸಾಕೆಂದು ನೇರ ಮೇಲಕ್ಕೆ. ಒಂದು ಓಣಿಯಲ್ಲಿ ಹತ್ತು ಅಡಿಗೆ ಎರಡು ಅಡಿ ಏರು ಸಿಕ್ಕಿತು! ಕಾಲುದಾರಿ ಹತ್ತಿರವೆಂದು ಮೆಟ್ಟಿಲಿನ ದಾರಿ ಹಿಡಿಯಬೇಡಿ, ಸುತ್ತಾದರೂ ಹಳೇ ರಸ್ತೆಯೇ ಮೇಲು. ಕೋಟೆಯಿಂದ ರಾಜಾಸೀಟಿಗೆ ನಾನು ಹಿಡಿಯುವ ಒಂದು ಅಡ್ಡದಾರಿ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ಒಂದು ಬೇಸಿಗೆಯೇ ಹಿಡಿದಿದೆ, ಅದು ನನ್ನ ಅನ್ನ.

ಕೂರುವ ಜಾಗ ಇಳಿಜಾರಿನಷ್ಟೇ ಮುಖ್ಯ. ಸುಮಾರು ಇನ್ನೂರು ಮೀಟರಿಗೊಂದು ಬೇಕು: ಅಂಗಡಿ ಜಗಲಿ, ಬಸ್ ತಂಗುದಾಣ, ಮೋಟುಗೋಡೆ, ಏನಾದರೂ ಸರಿ. ಕೂರಿಸಲು ಕಥೆ ಬೇಕು, "ಸುಸ್ತಾಯ್ತಾ?" ಎಂದು ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ. ಕೊಡಗಿನ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರದ ಗುಮ್ಮಟ ಮಸೀದಿಯಂತೆ ಏಕಿದೆ ಎಂಬ ಮಾತನ್ನು ಕೆರೆಯ ಪಕ್ಕ ಕೂರಿಸಿಯೇ ಹೇಳುತ್ತೇನೆ. ಮುದ್ದುರಾಜ ಕಟ್ಟಿಸಿದ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ ಕಥೆ ಹೆಬ್ಬಾಗಿಲಿನ ನೆರಳಿನಲ್ಲಿ. ಕೋಟೆಯೊಳಗಿನ ಗಾರೆಯ ಎರಡು ಆನೆಗಳ ಮುಂದೆ ಫೋಟೋ ತೆಗೆಯುವಷ್ಟರಲ್ಲಿ ಹತ್ತು ನಿಮಿಷ ವಿಶ್ರಾಂತಿ ತಾನಾಗಿ ಸಿಗುತ್ತದೆ. ನಡೆಯುವಾಗ ಮಾತಾಡಿಸುತ್ತಲೇ ಇರುತ್ತೇನೆ. ಪೂರ್ತಿ ವಾಕ್ಯ ಬರದೆ ತುಂಡು ತುಂಡಾದರೆ ಮುಂದಿನ ಜಗಲಿಯಲ್ಲಿ ಕೂರಿಸಬೇಕು. ಶೌಚಾಲಯದ ಏರ್ಪಾಡು ಹೇಗೆ ಮಾಡಿದೆ ಎನ್ನುವುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದಾರಿ ತೋರಿಸಲು ಬಾಣದ ಗುರುತು ಬರೆಸಿ ಮೂರು ಸಾವಿರದಷ್ಟು ಕಳೆದೆ. ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಬೀಳುವ ಊರಿದು. ಜೂನ್‌ನಲ್ಲಿ ಪಾಚಿ ಹತ್ತಿ, ಸೆಪ್ಟೆಂಬರ್ ಹೊತ್ತಿಗೆ ಬಾಣವೂ ಇಲ್ಲ ಬಣ್ಣವೂ ಇಲ್ಲ. ಲ್ಯಾಮಿನೇಟ್ ಮಾಡಿದ ನಕ್ಷೆಯೊಳಗೂ ನೀರು ಇಳಿಯಿತು. ಈಗ ಗುರುತೇ ಇಲ್ಲ, ಜೊತೆಗೆ ಮನುಷ್ಯ ಇರುತ್ತಾನೆ. ದುಡ್ಡು ಹಾಕಬೇಕಾದ್ದು ಊರುಗೋಲಿಗೆ. ಬಿದಿರಿನ ಕೋಲಿನ ತುದಿಗೆ ದಪ್ಪ ರಬ್ಬರ್ ಬುಷ್ ಹಾಕಿಸಿದೆ, ಒಂದಕ್ಕೆ ನೂರರ ಆಸುಪಾಸು. ಬುಷ್ ಸವೆದು ನುಣುಪಾದರೆ ಕೋಲೇ ಜಾರಿಸುತ್ತದೆ, ಸೀಸನ್ನಿಗೆ ಎರಡು ಸಲವಾದರೂ ಬದಲಿಸಿ.

ಜಿಗಣೆಯ ಮೇಲೂ ಪ್ರಯೋಗ ನಡೆಸಿದೆ. ಪೇಟೆಯಲ್ಲಿ ರಸ್ತೆ ನಡುವೆ ಅದರ ಕಾಟವಿಲ್ಲ, ಹುಲ್ಲಿನ ಅಂಚಿಗೆ ಕಾಲಿಟ್ಟರೆ ಉಂಟು. ಒಂದು ಕಾಲಿಗೆ ಉಪ್ಪುನೀರಲ್ಲಿ ಅದ್ದಿದ ಕಾಲುಚೀಲ, ಇನ್ನೊಂದಕ್ಕೆ ಹೊಗೆಸೊಪ್ಪು-ಸುಣ್ಣ ಹಚ್ಚಿದ್ದು ಹಾಕಿಕೊಂಡು ನಡೆದೆ. ಹೊಗೆಸೊಪ್ಪೇ ಗೆದ್ದಿತು, ಆದರೆ ಜೋರು ಮಳೆಗೆ ಅರ್ಧ ಗಂಟೆಯಲ್ಲಿ ಎರಡೂ ತೊಳೆದುಹೋದವು. ಒತ್ತಾಗಿ ನೇಯ್ದ ಉದ್ದ ಕಾಲುಚೀಲವೇ ಸಾಕು.

ತಲೆಗೆ ಮುನ್ನೂರು ತೆಗೆದುಕೊಳ್ಳುತ್ತೇನೆ, ಆರು ಜನಕ್ಕಿಂತ ಹೆಚ್ಚು ಸೇರಿಸುವುದಿಲ್ಲ. ಆರೂ ಜನ ಬಂದರೆ ಅದರಲ್ಲಿ ಆಟೋಗಳಿಗೆ ಇನ್ನೂರೈವತ್ತರಷ್ಟು, ಕಾಫಿಗೆ ಇನ್ನೂರು ಹೋದರೂ ಕೈಯಲ್ಲಿ ಸಾವಿರದ ಮುನ್ನೂರೈವತ್ತರಷ್ಟು ಉಳಿಯುತ್ತದೆ. ಆಟೋದವರನ್ನು ಮೊದಲೇ ಮಾತಾಡಿಸಿಡಿ. ಸೂರ್ಯಾಸ್ತ ಮುಗಿದ ಮೇಲೆ ರಾಜಾಸೀಟಿನಲ್ಲಿ ಆಟೋ ಹುಡುಕಿದರೆ ಸಿಗುವುದಿಲ್ಲ, ಸುಸ್ತಾದವರು ನಡೆದೇ ಇಳಿಯಬೇಕಾಗುತ್ತದೆ, ಅಲ್ಲಿಗೆ ಮಾಡಿದ್ದೆಲ್ಲ ಹಾಳು.

ಶುಕ್ರವಾರ ಸಂತೆ, ಮಹದೇವಪೇಟೆ ಕಡೆ ಹೋಗುವುದಿಲ್ಲ. ದಸರಾದಲ್ಲಿ ಹತ್ತು ಮಂಟಪಗಳ ಮೆರವಣಿಗೆ ನಡೆಯುವ ದಶಮಂಟಪದ ರಾತ್ರಿ ಈ ಕೆಲಸಕ್ಕೇ ರಜೆ. 2018ರ ಆಗಸ್ಟಿನ ಭೂಕುಸಿತ ಕಂಡ ಮೇಲೆ ಮಳೆಗಾಲದಲ್ಲಿ ಬರೆಯ, ಅಂದರೆ ಕಡಿದಾದ ಗುಡ್ಡದಂಚಿನ, ಬುಡದಲ್ಲಿ ಜನರನ್ನು ನಿಲ್ಲಿಸುವುದಿಲ್ಲ, ಆ ತಿಂಗಳುಗಳಲ್ಲಿ 2021ರಲ್ಲಿ ವಸ್ತುಸಂಗ್ರಹಾಲಯವಾದ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ತೋರಿಸುತ್ತೇನೆ. ರಾಜ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯರ ಗದ್ದಿಗೆಯ ದಾರಿ ಇನ್ನೂ ನನಗೆ ಒಗ್ಗಿಲ್ಲ. ಕೊನೆಯ ಏರಿನಲ್ಲಿ ಪೈಪು ಒಂಬತ್ತು ಇಂಚು ತೋರಿಸುತ್ತಿದೆ. ಬಳಸಿ ಹೋಗುವ ದಾರಿಯೊಂದನ್ನು ಈ ಡಿಸೆಂಬರಿನಲ್ಲಿ ಅಳೆಯಬೇಕೆಂದಿದ್ದೇನೆ, ಕೋಲು ಹಿಡಿಯಲು ಬರುವವರಿದ್ದರೆ ಬನ್ನಿ.