ಎಡ ಏಟ್ರಿಯಮ್ಮಿನ ಪಕ್ಕದಲ್ಲಿ ಒಂದು ಚೀಲ

ಎಕ್ಸ್‌ರೇಯಲ್ಲಿ ಹೃದಯದ ಎಡ ಅಂಚು ಉಬ್ಬಿದ್ದರೆ ನಮ್ಮ ಕಡೆ ಮೊದಲು ಅನುಮಾನ ಬರುವುದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಕಾಯಿಲೆಯ ಮೇಲೆ. ಅದರಲ್ಲಿ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿ, ಅದರ ಮೇಲಿನ ಕೋಣೆಯಾದ ಎಡ ಏಟ್ರಿಯಮ್ ಹಿಗ್ಗಿರುತ್ತದೆ. ಆದರೆ ನನ್ನ ಬಳಿ ಬಂದ ಈ ಯುವತಿಯ ಇಕೋದಲ್ಲಿ (ಹೃದಯದ ಸ್ಕ್ಯಾನ್) ಕವಾಟ ಚೆನ್ನಾಗೇ ಇತ್ತು. ಆಗಾಗ ಎದೆ ಡವಗುಟ್ಟುತ್ತದೆ ಅನ್ನುವುದೊಂದೇ ಅವಳ ತೊಂದರೆ. ಇಸಿಜಿ ತೆಗೆದರೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಏಟ್ರಿಯಮ್ ತಾಳ ತಪ್ಪಿ ಅದುರುವುದು! ಆ ವಯಸ್ಸಿಗೆ, ಕವಾಟ ಸರಿಯಿದ್ದೂ ಅದು ಸುಮ್ನೆ ಬರುವುದಿಲ್ಲ.

ಆ ಉಬ್ಬು ಗಡ್ಡೆಯಿರಬಹುದು, ಸೂಜಿ ಹಾಕಿ ತುಣುಕು ತೆಗೆದು ನೋಡೋಣ ಅನ್ನುವ ಸಲಹೆ ಆಗಲೇ ಬಂದಿತ್ತು. ನಾನು ಬೇಡವೆಂದೆ. ಹೃದಯಕ್ಕೆ ಅಂಟಿಕೊಂಡ ಯಾವ ಗಡ್ಡೆಯೇ ಆಗಲಿ, ಅದರೊಳಗೆ ರಕ್ತ ಓಡಾಡುತ್ತಿಲ್ಲ ಎಂದು ಖಾತ್ರಿಯಾಗದೆ ಸೂಜಿ ಹಾಕಬಾರದು. ಇಕೋದಲ್ಲೇ ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಏಟ್ರಿಯಮ್ಮಿಂದ ಒಂದು ಕುತ್ತಿಗೆಯ ಮೂಲಕ ರಕ್ತ ಆ ಚೀಲಕ್ಕೆ ಹೋಗಿ ಬರುವುದು ಕಂಡಿತು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತವನ್ನು ಎದ್ದು ಕಾಣಿಸಲು ಕೊಡುವ ಔಷಧಿ ಏಟ್ರಿಯಮ್ ಜೊತೆಗೇ ಚೀಲದಲ್ಲೂ ತುಂಬಿತು. ಹೃದಯದ ಹೊದಿಕೆಯಲ್ಲಿ ತೂತಿರಲಿಲ್ಲ. ತೂತಿದ್ದರೆ ಸರಿಯಾಗಿರುವ ಅಪೆಂಡೇಜೇ (ಏಟ್ರಿಯಮ್ಮಿಗೆ ಅಂಟಿದ ಕಿವಿಯಾಕಾರದ ಪುಟ್ಟ ಭಾಗ) ಹೊರಗೆ ಜಾರಿ ಹೀಗೆ ಕಾಣುತ್ತದೆ. ಹಾಗಾಗಿ ಇದು ಎಡ ಏಟ್ರಿಯಲ್ ಅಪೆಂಡೇಜಿನ ಅನ್ಯೂರಿಸಮ್ (ಗೋಡೆ ಚೀಲದಂತೆ ಉಬ್ಬುವುದು), ಹುಟ್ಟಿನಿಂದಲೇ ಗೋಡೆಯ ಸ್ನಾಯು ದುರ್ಬಲವಾಗಿ ಬಂದದ್ದು ಎಂದು ತೀರ್ಮಾನಿಸಿದೆ. ಎಡ ಏಟ್ರಿಯಮ್ಮಿನ ಇಂಥ ಹಿಗ್ಗುವಿಕೆಯನ್ನು ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟಾಸಿಗ್ ಮತ್ತು ಅವರ ಸಹೋದ್ಯೋಗಿ 1938ರಲ್ಲೇ ವರದಿ ಮಾಡಿದ್ದರು. ಇವತ್ತಿಗೂ ಇದು ಬಹಳ ಅಪರೂಪ.

ಅನ್ನನಾಳಕ್ಕೆ ಕೊಳವೆ ಇಳಿಸಿ ಮತ್ತೆ ಇಕೋ ಮಾಡಿದೆ. ಗಟ್ಟಿ ಹೆಪ್ಪು ಕಾಣಲಿಲ್ಲ. ಆದರೆ ರಕ್ತ ಹೊಗೆಯಾಡಿದಂತೆ ನಿಧಾನವಾಗಿ ಸುತ್ತುತ್ತಿತ್ತು. ನನಗೆ ಭಯವಾದದ್ದು ಇದನ್ನು ನೋಡಿಯೇ. ಅಲ್ಲಿ ಹೆಪ್ಪುಗಟ್ಟಿದ್ದು ಮಿದುಳಿಗೆ ಹೋದರೆ ಲಕ್ವ.

"ಮಾತ್ರೆಯಲ್ಲೇ ವಾಸಿಯಾಗಲ್ವಾ ಡಾಕ್ಟ್ರೇ?" ಎಂದು ಅವಳ ತಂದೆ ಕೇಳಿದರು. ರಕ್ತ ತೆಳುವಾಗಿಸುವ ಮಾತ್ರೆ ಅಪಾಯವನ್ನು ಕಡಿಮೆ ಮಾಡುತ್ತದೆ, ಚೀಲ ಮಾತ್ರ ಹಾಗೇ ಉಳಿಯುತ್ತದೆ ಎಂದೆ. ಚಿಕ್ಕ ವಯಸ್ಸಿನವರಿಗೆ ಆಪರೇಷನ್ನೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎದೆಮೂಳೆ ತೆರೆದು, ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್‌ಗೆ ಹಾಕಿ ಆಪರೇಷನ್ ಮಾಡುವುದೆಂದಾಯಿತು. ನಾನೂ ಸರ್ಜನ್ನೂ ಜಾಸ್ತಿ ಮಾತಾಡಿದ್ದು ಒಂದೇ ವಿಷಯ: ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಅಯೋರ್ಟಾಕ್ಕೆ ಕ್ಲ್ಯಾಂಪ್ (ಬಿಗಿ ಹಿಡಿತ) ಹಾಕುವವರೆಗೆ ಚೀಲವನ್ನು ಮುಟ್ಟಬಾರದು. ಕಣ್ಣಿಗೆ ಬೀಳದ ಚಿಕ್ಕ ಹೆಪ್ಪೊಂದು ಕೈ ತಾಗಿದಾಗಲೇ ಜಾರಬಹುದು. ಹಾಗೆಯೇ ಮಾಡಿದರು. ಚೀಲವನ್ನು ಕುತ್ತಿಗೆಯಲ್ಲೇ ಕತ್ತರಿಸಿ, ಪಕ್ಕದಲ್ಲೇ ಹಾಯುವ, ಹೃದಯಕ್ಕೇ ರಕ್ತ ಕೊಡುವ ಸರ್ಕಮ್‌ಫ್ಲೆಕ್ಸ್ ರಕ್ತನಾಳಕ್ಕೆ ಹೊಲಿಗೆ ತಾಗದಂತೆ ಮುಚ್ಚಿದರು.

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯನ್ನು ಕೆಲವು ತಿಂಗಳು ಮುಂದುವರಿಸಿದೆವು. ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್‌ನಲ್ಲಿ ಬಡಿತ ಸರಿಯಾಗಿಯೇ ಉಳಿದಿದ್ದರಿಂದ ಆಮೇಲೆ ನಿಲ್ಲಿಸಿದೆವು.