ವೈನ್ ಬಾಟಲಿಗೆ ಯಾವ ಮುಚ್ಚಳ: ಕಾರ್ಕೋ, ಸ್ಕ್ರೂ ಕ್ಯಾಪೋ?

ವೈನನ್ನು ನೀವೇ ಬಾಟಲಿಗೆ ತುಂಬುವುದಾದರೆ, ಮೊದಲು ಬಾಟಲಿಯ ಬಾಯಿ ನೋಡಿ. ಕಾರ್ಕ್ ಬಾಟಲಿಯ ಬಾಯಿ ಹೊರಗೆ ನುಣುಪು, ಒಳವ್ಯಾಸ ಸುಮಾರು 18.5 ಮಿ.ಮೀ. ಸ್ಕ್ರೂ ಕ್ಯಾಪ್ ಬಾಟಲಿಗೆ ಗಾಜಿನಲ್ಲೇ ಥ್ರೆಡ್ ಇರುತ್ತದೆ. ಬಾಟಲಿ ಕೊಂಡಾಗಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಉಳಿದರ್ಧ, ಆ ವೈನನ್ನು ಯಾವಾಗ ಕುಡಿಯುತ್ತೀರಿ ಎಂಬುದರ ಮೇಲೆ.

ಹಲವು ವರ್ಷ ಇಡುವ ಕೆಂಪು ವೈನಿಗೆ ಅಸಲಿ ಕಾರ್ಕ್ ಒಪ್ಪುತ್ತದೆ: ವ್ಯಾಸ 24 ಮಿ.ಮೀ., ಉದ್ದ 45ರ ಆಸುಪಾಸು. ಬೇಗ ಮುಗಿಸುವುದಕ್ಕೆ 38 ಮಿ.ಮೀ. ಉದ್ದ ಸಾಕು. ಕಾರ್ಕ್ ಹಾಕುವ ಯಂತ್ರದ ದವಡೆ ಇದನ್ನು ಸುಮಾರು 16 ಮಿ.ಮೀ.ಗೆ ಹಿಸುಕಿ ಕೊರಳೊಳಗೆ ತಳ್ಳುತ್ತದೆ. ಅದು ಮತ್ತೆ ಹಿಗ್ಗಿ ಗಾಜಿಗೆ ಒತ್ತಿಕೊಳ್ಳುತ್ತದೆ. ಕಾರ್ಕನ್ನು ಕುದಿಸಬೇಡಿ, ಆ ಹಿಗ್ಗುವ ಗುಣವೇ ಹಾಳಾಗುತ್ತದೆ. ಕಾರ್ಕಿಗೂ ವೈನಿಗೂ ನಡುವೆ 15 ಮಿ.ಮೀ. ಜಾಗ ಬಿಡಿ. ಕಂಠಮಟ್ಟ ತುಂಬಿಸಿದರೆ ಸೆಕೆಗೆ ವೈನ್ ಹಿಗ್ಗಿ ಕಾರ್ಕನ್ನೇ ಮೇಲೆ ನೂಕುತ್ತದೆ. ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಮಲಗಿಸಿ. ಸೋರಿದ ಬಾಟಲಿಯ ಕಾರ್ಕ್ ಕಿತ್ತು ನೋಡಿ: ಉದ್ದಕ್ಕೂ ಒಂದು ಮಡಿಕೆ, ಅದರಗುಂಟ ವೈನಿನ ಕಲೆ ಕಂಡರೆ ತಪ್ಪು ದವಡೆಯದು, ಸವೆದಿದೆ.

ಕಾರ್ಕಿನ ದೊಡ್ಡ ಪಿಡುಗು ಟಿಸಿಎ (ಟ್ರೈಕ್ಲೋರೋಅನಿಸೋಲ್) ಎಂಬ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದು ಹಣ್ಣಿನ ಪರಿಮಳ ಅಡಗಿಬಿಡುತ್ತದೆ. ಕಣ್ಣಿಗೆ ಚೆಂದ ಕಂಡ ಕಾರ್ಕಿನಲ್ಲೂ ಇದು ಇರಬಹುದು. ಹೊಸ ಕಟ್ಟಿನಿಂದ ಕೆಲವನ್ನು ತೆಗೆದು, ಒಂದೊಂದನ್ನೂ ಬೇರೆ ಬೇರೆ ಗಾಜಿನ ಸೀಸೆಯಲ್ಲಿ ಸಪ್ಪೆ ಬಿಳಿ ವೈನಿನಲ್ಲಿ 24 ಗಂಟೆ ನೆನೆಸಿ ಮೂಸಿ. ಕ್ಲೋರಿನ್ ಬ್ಲೀಚನ್ನು ಆ ಕೋಣೆಗೇ ತರಬೇಡಿ. ಬೂಷ್ಟಿನ ಜೊತೆ ಸೇರಿ ಟಿಸಿಎ ಹುಟ್ಟಿಸುವುದೇ ಅದು. ಕಾರ್ಕಿನ ಹರಳನ್ನು ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡಿನಿಂದ ತೊಳೆದು ಅಂಟಿಸಿ ಮಾಡಿದ ಬಿರಡೆಗಳಲ್ಲಿ ಈ ಕಾಟ ತೀರಾ ಕಡಿಮೆ. ಹೆಚ್ಚಿನವರಿಗೆ ಇದೇ ಜಾಣ ಆಯ್ಕೆ.

ಪ್ಲಾಸ್ಟಿಕ್ ಬಿರಡೆಗೆ ಟಿಸಿಎ ಭಯವಿಲ್ಲ, ಬಾಟಲಿ ನಿಂತೇ ಇರಬಹುದು. ಆದರೆ ಅಗ್ಗದವು ಗಾಳಿಯನ್ನು ಒಳಬಿಡುತ್ತವೆ; ಒಂದೆರಡು ವರ್ಷದೊಳಗೆ ಕುಡಿದು ಮುಗಿಸುವುದಕ್ಕೆ ಮಾತ್ರ.

ತಾಜಾತನವೇ ಬಂಡವಾಳವಾದ ಬಿಳಿ ವೈನಿಗೆ ಸ್ಕ್ರೂ ಕ್ಯಾಪ್ ಮೀರಿದ್ದಿಲ್ಲ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನಿನ ತಯಾರಕರು 2000ದಲ್ಲಿ ಒಟ್ಟಾಗಿ ಇದಕ್ಕೆ ಬದಲಾದದ್ದೂ ಅದಕ್ಕೇ. ಅಲ್ಯೂಮಿನಿಯಂ ತಗಡನ್ನು ಯಂತ್ರದ ಉರುಳೆಗಳು ಥ್ರೆಡ್ಡಿನ ಮೇಲೆ ಒತ್ತಿ ಕೂರಿಸಬೇಕು. ಒಮ್ಮೆ ತೆರೆದ ಕ್ಯಾಪನ್ನು ಮತ್ತೆ ತಿರುಗಿಸಿ ಹಾಕಿದರೆ ಶೇಖರಣೆಗೆ ಆಗದು. ಒಳಗಿನ ಪದರದಲ್ಲಿ ತವರ ಇದ್ದರೆ ಗಾಳಿ ಹೆಚ್ಚುಕಡಿಮೆ ಬಂದ್. ಹಾಗಾದಾಗ ವೈನಿನಲ್ಲಿ ಮೊದಲೇ ಅಡಗಿದ್ದ ಗಂಧಕದ ದೋಷ ತಿಂಗಳುಗಳ ನಂತರ ಕೊಳೆತ ಮೊಟ್ಟೆಯಂತೆ ನಾರುತ್ತದೆ; ಬೈಗುಳ ಮಾತ್ರ ಕ್ಯಾಪಿಗೆ. ತುಂಬಿಸುವ ಮುಂಚೆ ಎರಡು ಗ್ಲಾಸ್ ವೈನ್ ತೆಗೆದು, ಒಂದಕ್ಕೆ ಶೇ. 1ರ ಕಾಪರ್ ಸಲ್ಫೇಟ್ ದ್ರಾವಣ ಒಂದು ತೊಟ್ಟು ಹಾಕಿ ಎರಡನ್ನೂ ಮೂಸಿ (ಬಾಯಿಗಿಡಬೇಡಿ, ಚೆಲ್ಲಿ). ತೊಟ್ಟು ಬಿದ್ದದ್ದರ ವಾಸನೆಯೇ ಹೆಚ್ಚು ಶುದ್ಧವೆನಿಸಿದರೆ ವೈನಿನಲ್ಲಿ ಗಂಧಕದ ದೋಷ ಇದೆ ಎಂದರ್ಥ; ಅದನ್ನು ಸರಿಪಡಿಸುವವರೆಗೆ ಬಾಟಲಿಗೆ ತುಂಬಬೇಡಿ.

ನೊರೆ ವೈನಿಗೆ ಸೋಡಾ ಬಾಟಲಿಯ ಕ್ರೌನ್ ಮುಚ್ಚಳ ಧಾರಾಳವಾಗಿ ನಡೆಯುತ್ತದೆ: 26 ಅಥವಾ 29 ಮಿ.ಮೀ., ಬಾಯಿಯ ಅಳತೆ ನೋಡಿ ತನ್ನಿ. ಬಾಟಲಿ ಮಾತ್ರ ಶಾಂಪೇನಿನ ದಪ್ಪ ಗಾಜಿನದೇ ಆಗಬೇಕು. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಆರು ಪಟ್ಟಿನವರೆಗೆ ಏರುತ್ತದೆ, ಸಾದಾ ಬಾಟಲಿ ಒಡೆದು ಸಿಡಿಯುತ್ತದೆ.