ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ವರ್ಷ ಕಂತು ಕಟ್ಟಿ ನೋಡಿ

ಎರಡು ವರ್ಷದ ಹಿಂದೆ ಒಂದು ಭಾನುವಾರ ನನ್ನ ತಂಗಿ ಮಗಳು ಫೋನ್ ಮಾಡಿದಳು. "ದೊಡ್ಡಮ್ಮ, ಬ್ಯಾಂಕಿನವರು ನಮ್ಮಿಬ್ಬರ ಸಂಬಳ ನೋಡಿ 40 ಲಕ್ಷ ಸಾಲ ಕೊಡ್ತೀವಿ ಅಂದಿದಾರೆ, ಕೆಂಗೇರಿ ಹತ್ರ 50 ಲಕ್ಷಕ್ಕೆ ಒಂದು ಫ್ಲ್ಯಾಟ್ ನೋಡಿದೀವಿ, ಈ ತಿಂಗಳೇ ಟೋಕನ್ ಮುಂಗಡ ಕೊಟ್ಟುಬಿಡೋಣ ಅಂತ." ಟೋಕನ್ ಆಮೇಲೆ ಕೊಡಿ, ಮೊದಲು ಒಂದು ವರ್ಷ ಇ.ಎಂ.ಐ., ಅಂದರೆ ಸಾಲದ ತಿಂಗಳ ಕಂತು, ಕಟ್ಟಿ ಅಂದೆ. ಸಾಲವೇ ತಗೊಂಡಿಲ್ಲ, ಯಾರಿಗೆ ಕಟ್ಟೋದು ಅಂತ ಕೇಳಿದಳು. ನಿಮಗೆ ನೀವೇ ಕಟ್ಟಿಕೊಳ್ಳಿ ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲ ಮನೆ ತಗೊಳ್ಳುವ ಎಲ್ಲರಿಗೂ ಇದು ಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಲೆಕ್ಕ ಹೀಗಿದೆ. 40 ಲಕ್ಷ ಸಾಲ, 20 ವರ್ಷ, ಬಡ್ಡಿ ನೂರಕ್ಕೆ 8 ಅಂತ ಇಟ್ಟುಕೊಂಡರೆ ತಿಂಗಳ ಕಂತು 33,458 ರೂಪಾಯಿ. ಫ್ಲ್ಯಾಟ್ ಅಂದಮೇಲೆ ಮೇಂಟೆನೆನ್ಸ್ ಇರುತ್ತದೆ, ವರ್ಷಕ್ಕೊಮ್ಮೆ ಕಂದಾಯ ಬರುತ್ತದೆ, ಅದನ್ನೂ ತಿಂಗಳಿಗೆ ಹಂಚಿ ಸೇರಿಸಿದರೆ 37 ಸಾವಿರ ಅನ್ನಿ. ಅವರು ಆಗ ಕೊಡುತ್ತಿದ್ದ ಬಾಡಿಗೆ 18 ಸಾವಿರ. ಉಳಿದದ್ದು 19 ಸಾವಿರ, ಅಲ್ವಾ? ಆ 19 ಸಾವಿರವನ್ನು ಸಂಬಳ ಬಂದ ಮಾರನೇ ದಿನವೇ ಆರ್.ಡಿ.ಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಡಿ ಅಂದೆ. ತಿಂಗಳ ಕೊನೆಗೆ ಉಳಿದರೆ ಹಾಕೋಣ ಅಂತ ಇಟ್ಟುಕೊಂಡರೆ ಯಾವ ತಿಂಗಳೂ ಉಳಿಯುವುದಿಲ್ಲ. ವರ್ಷ ಮುಗಿದರೆ ಕೈಯಲ್ಲಿ 2,28,000 ರೂಪಾಯಿ, ಮೇಲೆ ಬಡ್ಡಿ. ದುಡ್ಡಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಈ ಭಾರ ಹೊತ್ತುಕೊಂಡು ನಮ್ಮ ಸಂಸಾರ ನಡೆಯುತ್ತಾ ಇಲ್ವಾ ಅನ್ನುವುದು ಸಾಲಕ್ಕೆ ಬೀಳುವ ಮುಂಚೆಯೇ ಗೊತ್ತಾಗುತ್ತದೆ. ಬ್ಯಾಂಕಿನವರು ನಿಮ್ಮ ಸಂಬಳದ ಚೀಟಿ, ಹಿಂದಿನ ಸಾಲ ಹೇಗೆ ಕಟ್ಟಿದ್ದೀರಿ ಅಂತ ತೋರಿಸುವ ಸಿಬಿಲ್ ಸ್ಕೋರ್ ನೋಡುತ್ತಾರೆ. ನಿಮ್ಮ ಅತ್ತೆಯವರ ಮಾತ್ರೆ ಖರ್ಚು, ಮಗುವಿನ ವ್ಯಾನ್ ಫೀಸು ಅವರಿಗೆ ಎಲ್ಲಿ ಕಾಣಬೇಕು?

ಅವಳಿಗೆ ಒಂದು ಉದ್ದನೆಯ ನೋಟ್‌ಬುಕ್ ತಂದುಕೊಟ್ಟೆ. ಮೊಬೈಲಲ್ಲಿ ಬರೆದುಕೊಳ್ತೀನಿ ಅಂದಳು, ಬೇಡ, ಅಡುಗೆಮನೆ ಕಟ್ಟೆ ಮೇಲೆ ಇರಲಿ, ಇಬ್ಬರ ಕಣ್ಣಿಗೂ ಬೀಳಲಿ ಅಂದೆ. ಪ್ರತಿ ತಿಂಗಳಿಗೆ ಒಂದು ಪುಟ, ಎಡಗಡೆ ಗೊತ್ತಿದ್ದ ಖರ್ಚು, ಬಲಗಡೆ ಗೊತ್ತಿಲ್ಲದೆ ಬಂದ ಖರ್ಚು. ಐದು ತಿಂಗಳಾದ ಮೇಲೆ ಹೋಗಿ ನೋಡಿದಾಗ ಮೇ ತಿಂಗಳ ಬಲಗಡೆ ಮೂರೇ ಸಾಲು ಇತ್ತು, ಜೂನ್ ಪುಟದಲ್ಲಿ ಜಾಗವೇ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಳು. ಸ್ಕೂಲ್ ಫೀಸು, ಪುಸ್ತಕ, ಶೂ, ಮಾವನವರ ಕಣ್ಣಿನ ಆಪರೇಷನ್, ಸ್ಕೂಟರ್ ಇನ್ಶೂರೆನ್ಸು. ಆ ತಿಂಗಳು ಆರ್.ಡಿ. ತಪ್ಪಿತ್ತು. ಗಣೇಶನ ಹಬ್ಬದ ತಿಂಗಳು ಇನ್ನೊಂದು ಸಲ ತಪ್ಪಿತು. ನಿಜವಾದ ಸಾಲ ಇದ್ದಿದ್ದರೆ ಕಂತು ಬೌನ್ಸ್ ಆಗಿ ದಂಡ ಬೀಳುತ್ತಿತ್ತು, ಸಿಬಿಲ್ ಕೆಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಆ ಪುಟಗಳನ್ನು ಮುಂದಿಟ್ಟುಕೊಂಡು ಕೂತು ಮಾತಾಡಿದರು. 28-29 ಸಾವಿರದವರೆಗೆ ಕಂತು ಕಷ್ಟವಿಲ್ಲ, ಅದರ ಮೇಲೆ ಹೋದರೆ ಉಸಿರು ಕಟ್ಟುತ್ತದೆ ಅಂತ ತಾವೇ ಕಂಡುಕೊಂಡರು. 34 ಲಕ್ಷ ಸಾಲ ಸಾಕು ಅಂತ ಇಳಿಸಿ, ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಇದ್ದು, ಸ್ವಲ್ಪ ಚಿಕ್ಕ ಮನೆ ನೋಡಿದರು. ನನಗೆ ಅವತ್ತು ಆದ ಸಮಾಧಾನ ಅವರ ಗೃಹಪ್ರವೇಶದ ದಿನವೂ ಆಗಲಿಲ್ಲ.

ಕೈಯಿಂದ ಹಾಕುವ ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲೇ ಜಾಸ್ತಿ ಜನ ಎಡವುವುದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ನೂರಕ್ಕೆ 90 ಭಾಗದವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ 80 ಭಾಗದವರೆಗೆ, ಅದಕ್ಕೂ ಮೇಲೆ 75 ಭಾಗದವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. 50 ಲಕ್ಷದ ಮನೆಗೆ 40 ಲಕ್ಷ ಬ್ಯಾಂಕಿನದು, ನಮ್ಮದು 10 ಲಕ್ಷ, ಅಷ್ಟೇ ತಾನೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಷ್ಟೇ ಅಲ್ಲ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ ನಗರದಲ್ಲಿ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಮಾಡಿದ್ದಾರೆ. ಒಟ್ಟು 7.6. 50 ಲಕ್ಷಕ್ಕೆ 3 ಲಕ್ಷದ 80 ಸಾವಿರ ಆಯಿತು. ಇಷ್ಟು ದೊಡ್ಡ ಮನೆಗಳಿಗೆ ಈ ಖರ್ಚನ್ನು ಬ್ಯಾಂಕ್ ಲೆಕ್ಕಕ್ಕೇ ಸೇರಿಸುವುದಿಲ್ಲ, ಪೂರ್ತಿ ನಿಮ್ಮ ಜೇಬಿನದು. ಆ ಜಾಗಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ, ಅಂದರೆ ಮಾರ್ಗಸೂಚಿ ದರ, ನಿಮ್ಮ ಖರೀದಿ ಬೆಲೆಗಿಂತ ಜಾಸ್ತಿ ಇದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ, ಮುಂಚೆಯೇ ನೋಡಿಕೊಳ್ಳಿ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಸಾಮಾನ್ಯವಾಗಿ ಜಿ.ಎಸ್.ಟಿ. ನೂರಕ್ಕೆ 5 ಬೇರೆ, ಜೊತೆಗೆ ಮನೆ ಕೈಗೆ ಬರುವವರೆಗೆ ಬಾಡಿಗೆಯೂ ಕಟ್ಟಬೇಕು, ಸಾಲದ ಬಡ್ಡಿಯೂ ಕಟ್ಟಬೇಕು. ಆಮೇಲೆ ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಬದಲಾವಣೆ, ಕರೆಂಟ್ ಮೀಟರ್ ಹೆಸರು ಬದಲಾವಣೆ, ಅಸೋಸಿಯೇಷನ್ನಿನ ಡಿಪಾಸಿಟ್ಟು. 50 ಲಕ್ಷದ ಮನೆಗೆ 15 ಲಕ್ಷವಾದರೂ ಕೈಯಲ್ಲಿ ಇಲ್ಲದೆ ಟೋಕನ್ ಕೊಡಬೇಡಿ ಅಂತ ನಾನು ಹೇಳುತ್ತೇನೆ. ಮನೆ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ನೂರಕ್ಕೆ 1 ಟಿ.ಡಿ.ಎಸ್. (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ಕೊಳ್ಳುವವರದು, ಇದನ್ನು ಮರೆತು ಆಮೇಲೆ ನೋಟೀಸು ಬಂದಾಗ ಒದ್ದಾಡುತ್ತಾರೆ.

ಬಾಡಿಗೆ ಮನೆಯ ಅಡ್ವಾನ್ಸನ್ನು ಈ ಲೆಕ್ಕಕ್ಕೆ ದಯವಿಟ್ಟು ಸೇರಿಸಬೇಡಿ. ಮನೆ ಖಾಲಿ ಮಾಡಿದ ಮೇಲೆ ತಾನೇ ಅದು ವಾಪಸ್ ಬರುವುದು? ರಿಜಿಸ್ಟ್ರೇಷನ್ ಅದಕ್ಕೂ ಎಷ್ಟೋ ಮುಂಚೆ ಆಗಿರುತ್ತದೆ. 1996ರಲ್ಲಿ ನಾವು ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗುವಾಗ 25 ಸಾವಿರ ಅಡ್ವಾನ್ಸ್ ಬರುತ್ತದೆ, ಬಡಗಿಗೆ ಅದರಲ್ಲೇ ಕೊಟ್ಟರಾಯಿತು ಅಂತ ನಂಬಿಕೊಂಡಿದ್ದೆವು. ಮನೆ ಮಾಲೀಕರು ಹೊಸ ಬಾಡಿಗೆಯವರು ಬಂದಮೇಲೆ ಕೊಡ್ತೀನಿ ಅಂದರು, ಬಣ್ಣದ ಖರ್ಚು ಅಂತ ಒಂದಷ್ಟು ಹಿಡಿದುಕೊಂಡರು, ಉಳಿದದ್ದನ್ನು ಮೂರು ಕಂತಿನಲ್ಲಿ ಕೊಟ್ಟರು. ಬಡಗಿ ಬಾಗಿಲಲ್ಲಿ ನಿಂತಿದ್ದ, ಅವನಿಗೂ ಮನೆ ಮಠ ಇದೆ. ನಾಲ್ಕು ಬಳೆ ಬಿಚ್ಚಿ ಅಡ ಇಟ್ಟು ದುಡ್ಡು ತಂದುಕೊಟ್ಟೆ. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಖಾಲಿ ಕೈ ನೋಡಿಕೊಳ್ಳುವಾಗ ಎಷ್ಟು ಸಂಕಟ ಆಗುತ್ತಿತ್ತು ಅಂತ ನನಗೇ ಗೊತ್ತು. ನಿಮ್ಮ ಕರಾರು ಪತ್ರ ತೆಗೆದು ಓದಿ, ಎಷ್ಟು ತಿಂಗಳ ಮುಂಚೆ ಹೇಳಬೇಕು, ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅಂತ. ಖಾಲಿ ಮಾಡುವ ಮುಂಚೆ ಪ್ರತಿ ರೂಮಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ಬಂದರೆ ಪರದೆಗೋ ಫ್ಯಾನಿಗೋ ಆಗುತ್ತದೆ, ಬರುವವರೆಗೆ ಅದು ಇಲ್ಲ ಅಂತಲೇ ತಿಳಿದುಕೊಳ್ಳಿ.

ಕೂಡಿಡುವ ದುಡ್ಡನ್ನು ಎಲ್ಲಿ ಇಡಬೇಕು ಅಂತ ಕೇಳುತ್ತಾರೆ. ಎರಡು ಮೂರು ವರ್ಷದಲ್ಲಿ ಬೇಕಾಗುವ ದುಡ್ಡು ಆರ್.ಡಿ., ಎಫ್.ಡಿ.ಯಲ್ಲಿ ಇರಲಿ, ಶೇರಿಗೆ ಹಾಕಬೇಡಿ. ಚೀಟಿ ಹಾಕುವುದಾದರೆ ನೋಂದಣಿ ಆಗಿರುವ ಚೀಟಿಯನ್ನೇ ಹಾಕಿ, ಪರಿಚಯದವರು ಅಂತ ಮುಖ ನೋಡಿ ಹಾಕಬೇಡಿ. ಡೌನ್ ಪೇಮೆಂಟಿಗೆ ಅಂತ ಎಲ್ಲವನ್ನೂ ಬಳಿದು ಕೊಡಬೇಡಿ. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಇರಲೇಬೇಕು. ಕೆಲಸ ಹೋದರೂ ಮನೆ ಹೋಗಬಾರದು.

ಕಾಗದಪತ್ರದ ವಿಷಯದಲ್ಲಿ ನನ್ನ ಮಾತು ಒಂದೇ. ಬ್ಯಾಂಕಿನವರ ವಕೀಲರು ನೋಡುತ್ತಾರಲ್ಲ ಅಂತ ಸುಮ್ನೆ ಇರಬೇಡಿ, ಅವರು ನೋಡುವುದು ಬ್ಯಾಂಕಿಗೋಸ್ಕರ. ನಿಮ್ಮದೇ ವಕೀಲರಿಗೆ ಫೀಸು ಕೊಟ್ಟು ತಾಯಿ ಪತ್ರದಿಂದ (ಆಸ್ತಿಯ ಹಳೆಯ ಮೂಲ ಪತ್ರದಿಂದ) ಹಿಡಿದು ಇ.ಸಿ. (ಋಣಭಾರ ಪತ್ರ), ಇ-ಖಾತೆ, ಕಂದಾಯ ರಸೀದಿ, ಓ.ಸಿ. (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣ ಪತ್ರ) ಎಲ್ಲ ತೋರಿಸಿ. ಇ.ಸಿ.ಯನ್ನು ಈಗ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ನಿಯಮ ಪೂರ್ತಿ ಪಾಲಿಸದ ಆಸ್ತಿಗೆ ಕೊಡುವ ಬಿ ಖಾತೆ ಅಂದರೆ ಎಷ್ಟೋ ಬ್ಯಾಂಕುಗಳು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತವೆ, ಬೆಲೆ ಕಡಿಮೆ ಅಂತ ಮರುಳಾಗಬೇಡಿ. ಟೋಕನ್ ಕೊಡುವಾಗ "ಸಾಲ ಮಂಜೂರಾಗದಿದ್ದರೆ ಪೂರ್ತಿ ಹಣ ವಾಪಸ್" ಅಂತ ಬರವಣಿಗೆಯಲ್ಲಿ ಹಾಕಿಸಿ.

ಬ್ಯಾಂಕಿಗೆ ಸಹಿ ಹಾಕಲು ಹೋದ ದಿನ ಅವಸರ ಮಾಡಬೇಡಿ. ಸಾಲದ ಜೊತೆಗೇ ಒಂದು ಇನ್ಶೂರೆನ್ಸ್ ಸೇರಿಸಿ, ಅದರ ಪ್ರೀಮಿಯಂ ಅನ್ನು ಸಾಲಕ್ಕೇ ಕೂಡಿಸಿ ಕಾಗದ ಮುಂದಿಡುತ್ತಾರೆ. ಆಗ ಅದಕ್ಕೂ 20 ವರ್ಷ ಬಡ್ಡಿ ಕಟ್ಟಬೇಕು. ಸಾಲ ಇರುವವರಿಗೆ ಇನ್ಶೂರೆನ್ಸ್ ಬೇಕೇ ಬೇಕು, ಆದರೆ ಬೇರೆಯಾಗಿ ಟರ್ಮ್ ಪಾಲಿಸಿ (ಜೀವಕ್ಕೆ ಏನಾದರೂ ಆದರೆ ಮಾತ್ರ ಹಣ ಬರುವ ವಿಮೆ) ತಗೊಳ್ಳಿ, ಎರಡರ ಬೆಲೆ ಹೋಲಿಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಬಡ್ಡಿ ಇವತ್ತಿನಷ್ಟೇ ಇರುತ್ತದೆ ಅಂತಲೂ ನಂಬಬೇಡಿ. 2022ರ ಮೇ ಶುರುವಿನಲ್ಲಿ 4 ಇದ್ದ ರೆಪೋ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಾಕುವ ಬಡ್ಡಿ) 2023ರ ಫೆಬ್ರವರಿಗೆ 6.5 ಆಗಿತ್ತು, ಒಂದು ವರ್ಷವೂ ಆಗಿರಲಿಲ್ಲ. ಅಷ್ಟೇ ಏರಿಕೆ ಮತ್ತೆ ಬಂದು 8 ಇದ್ದದ್ದು 10.5 ಆದರೆ, 40 ಲಕ್ಷದ ಕಂತು 33 ಸಾವಿರದಿಂದ 40 ಸಾವಿರದ ಹತ್ತಿರ ಹೋಗುತ್ತದೆ. ಎಷ್ಟೋ ಸಲ ಬ್ಯಾಂಕ್ ಕಂತು ಏರಿಸುವ ಬದಲು ವರ್ಷ ಜಾಸ್ತಿ ಮಾಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಇನ್ನು ಎಷ್ಟು ಕಂತು ಉಳಿದಿದೆ ಅಂತ ಎಣಿಸಿ.

ಮನೆ ಸಾಗಿಸುವ ಖರ್ಚು ಸಣ್ಣದು ಅನ್ನಿಸುತ್ತದೆ, ಆದರೆ ಎಲ್ಲ ದುಡ್ಡೂ ಖಾಲಿಯಾದಾಗ ಅದು ಬರುತ್ತದೆ. ತಿಂಗಳ ಕೊನೆ, ಶನಿವಾರ ಭಾನುವಾರ ಬಿಡಿ. ತಿಂಗಳ ನಡುವೆ ಒಂದು ಬುಧವಾರವೋ ಗುರುವಾರವೋ ನೋಡಿ, ಮೂರು ಕಡೆ ರೇಟ್ ಕೇಳಿ, ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ ಎಲ್ಲ ಹೇಳಿ ಬರೆಸಿಕೊಳ್ಳಿ. ಆಷಾಢದಲ್ಲಿ ಮನೆ ಬದಲಾಯಿಸುವವರು ಕಡಿಮೆ. ಆದ್ದರಿಂದ ನನ್ನ ತಂಗಿ ಮಗಳು ಜ್ಯೇಷ್ಠದಲ್ಲೇ ಒಳ್ಳೆ ದಿನ ನೋಡಿ ಹಾಲುಕ್ಕಿಸಿ, ಸಾಮಾನನ್ನು ಆಷಾಢದಲ್ಲಿ ನಿಧಾನವಾಗಿ ಸಾಗಿಸಿದಳು, ಲಾರಿ ಕಡಿಮೆಗೆ ಸಿಕ್ಕಿತು. ಹೋಗುವ ಒಂದು ತಿಂಗಳು ಮುಂಚಿನಿಂದ ದಿನಸಿ ತರುವುದು ನಿಲ್ಲಿಸಿ, ಡಬ್ಬಿಯಲ್ಲಿ ಇರುವುದನ್ನೇ ಮುಗಿಸಿ. ರಟ್ಟಿನ ಡಬ್ಬ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಗಾಜಿನ ಸಾಮಾನು, ಪಿಂಗಾಣಿಗೆ ಹಳೆ ಸೀರೆ, ಟವೆಲ್ಲು ಸುತ್ತಿ. ಮೂರು ವರ್ಷದಿಂದ ಅಟ್ಟದಿಂದ ಇಳಿಯದ್ದನ್ನು ಗುಜರಿಗೆ ಹಾಕಿ, ಅದಕ್ಕೂ ಲಾರಿ ಬಾಡಿಗೆ ಕೊಡಬೇಡಿ. ಮನೆ ಪತ್ರ, ಒಡವೆ, ಮಾತ್ರೆ, ದೇವರ ಸಾಮಾನು ನಿಮ್ಮ ಕೈಚೀಲದಲ್ಲೇ ಬರಲಿ.

ಗೃಹಪ್ರವೇಶಕ್ಕೆ ಹತ್ತಿರದವರು ನಲವತ್ತು ಜನ ಸಾಕು. ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಎಲ್ಲ ಮೊದಲ ದಿನವೇ ಬೇಕು ಅಂತ ಪರ್ಸನಲ್ ಲೋನ್ ಮಾಡುತ್ತಾರೆ, ಅದನ್ನು ಕೇಳಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆರು ತಿಂಗಳು ಆ ಮನೆಯಲ್ಲಿ ಇದ್ದು ನೋಡಿ. ಬೆಳಕು ಎಲ್ಲಿಂದ ಬರುತ್ತದೆ, ಮಿಕ್ಸಿ ಎಲ್ಲಿಟ್ಟರೆ ಅನುಕೂಲ ಅಂತ ತಿಳಿದ ಮೇಲೆ ಒಂದೊಂದೇ ಮಾಡಿಸಿ. ಮೊದಲಿಗೆ ಗ್ರಿಲ್ಲು, ಫ್ಯಾನು, ಲೈಟು, ಗೀಸರ್ ಸಾಕು.

ಸಾಲ ಶುರುವಾದ ಮೇಲೆ ಒಂದು ಅಭ್ಯಾಸ ಇಟ್ಟುಕೊಳ್ಳಿ. 40 ಲಕ್ಷದ ಮೊದಲ ಕಂತಿನಲ್ಲಿ 26,667 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಹೋಗುವುದು 6,791 ಮಾತ್ರ. ಶುರುವಿನ ವರ್ಷಗಳಲ್ಲಿ ಹೆಚ್ಚಿಗೆ ಕಟ್ಟಿದ ಒಂದೊಂದು ರೂಪಾಯಿಯೂ ನೇರ ಅಸಲಿಗೆ ಬೀಳುತ್ತದೆ. ಬೋನಸ್ ಬಂದಾಗ ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟುತ್ತಾ ಹೋದರೆ 20 ವರ್ಷದ ಸಾಲ ಮೂರು ವರ್ಷಕ್ಕೂ ಜಾಸ್ತಿ ಮುಂಚೆ ಮುಗಿಯುತ್ತದೆ. ಬಡ್ಡಿ ದರ ಬದಲಾಗುವ ಗೃಹಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕಟ್ಟುವಾಗ "ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡಿ.

ಬ್ಯಾಂಕಿಗೆ ಮೂಲ ಪತ್ರ ಕೊಡುವ ದಿನ ಯಾವ ಯಾವ ಪತ್ರ, ಎಷ್ಟು ಹಾಳೆ ಅಂತ ಪಟ್ಟಿ ಮಾಡಿ, ಅವರ ಸೀಲು ಸಹಿ ಹಾಕಿಸಿಕೊಂಡು ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರು ನಿಮಗೆ ಕೊಡಬೇಕು, 2023ರ ಡಿಸೆಂಬರಿನಿಂದ ಈ ನಿಯಮ ಇದೆ. ನನ್ನ ತಂಗಿ ಮಗಳು ಆ ಪಟ್ಟಿಯನ್ನು ಅದೇ ಉದ್ದನೆಯ ನೋಟ್‌ಬುಕ್ಕಿನ ಕೊನೆ ಪುಟಕ್ಕೆ ಅಂಟಿಸಿದ್ದಾಳೆ.